ಮೂರು ಅಧ್ಯಾಯ, ಏಳು ವಚನ, ಹತ್ತು ನಿಮಿಷ

ಒಂದೇ ವರ್ಷದಲ್ಲಿ ಸತ್ಯವೇದ (ಬೈಬಲ್) ಪೂರ್ತಿ ಓದಬೇಕೆಂದು ಜನವರಿ 1ಕ್ಕೆ ಶುರು ಮಾಡಿದೆ. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಿದರೆ ಮುಗಿಯುತ್ತದೆ. ಬೆಳಿಗ್ಗೆ ಕಾಫಿ ಜೊತೆ ಓದಿ ಹಾಳೆಯಲ್ಲಿ ಟಿಕ್ ಹಾಕುತ್ತಿದ್ದೆ. ಲಾಭ ಇರಲಿಲ್ಲ ಅನ್ನಲಾರೆ. ಆದಿಕಾಂಡದ ಕತೆ ವಿಮೋಚನಕಾಂಡಕ್ಕೆ ಹೇಗೆ ಹರಿದು ಬರುತ್ತದೆ ಅಂತ ಮೊದಲ ಸಲ ಗೊತ್ತಾಯಿತು. ಆದರೆ ಫೆಬ್ರವರಿಯಲ್ಲಿ ಯಾಜಕಕಾಂಡದ 19ನೇ ಅಧ್ಯಾಯವೂ ಗಡಿಯಾರ ನೋಡುತ್ತಲೇ ಮುಗಿಯಿತು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತು ಇರುವುದು ಅಲ್ಲೇ. ಅದನ್ನು ಓದಿದ ನೆನಪೂ ನನಗಿಲ್ಲ.

ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ಬಂದಾಗ ಆ ಹಾಳೆ ಬದಿಗಿಟ್ಟು 'ಲೆಕ್ಸಿಯೊ ದಿವಿನಾ' ಹಿಡಿದೆ. ಇದು ಹಳೆಯ ಮಠಗಳ ಓದುವ ರೀತಿ. 12ನೇ ಶತಮಾನದಲ್ಲಿ ಕಾರ್ಥೂಸಿಯನ್ ಅನ್ನುವ ಮೌನವ್ರತದ ಮಠದ ಸನ್ಯಾಸಿ ಎರಡನೇ ಗೀಗೊ ಇದನ್ನು ನಾಲ್ಕು ಮೆಟ್ಟಿಲ ಏಣಿ ಅಂದ: ಓದು, ಮೆಲುಕು, ಪ್ರಾರ್ಥನೆ, ಕೊನೆಗೆ ದೇವರ ಮುಂದೆ ಸುಮ್ನೆ ಇರುವುದು. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರುಡ ಭಿಕ್ಷುಕ ಬಾರ್ತಿಮಾಯನ ಕತೆ ಏಳೇ ವಚನ. ಒಂದು ವಾರ ಅಲ್ಲೇ ಉಳಿದೆ. ಮೂರನೇ ದಿನ ಅವನ ಹೊದಿಕೆ ಕಣ್ಣಿಗೆ ಬಿತ್ತು. ಯೇಸು ಕರೆದ ಕೂಡಲೇ ಅದನ್ನು ಎಸೆದು ಎದ್ದು ಬರುತ್ತಾನೆ. ದಾರಿ ಬದಿ ಭಿಕ್ಷೆ ಬೇಡುವವನಿಗೆ ಹೊದಿಕೆ ದೊಡ್ಡ ಆಸ್ತಿ ಅಲ್ವಾ? ಇನ್ನೂ ಕಣ್ಣು ಬಂದಿಲ್ಲ. ಎಸೆದದ್ದನ್ನು ಮತ್ತೆ ಹುಡುಕುವುದು ಹೇಗೆ ಅಂತಲೂ ಯೋಚಿಸಲಿಲ್ಲ. ಈ ಕತೆಯ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ, ಹೊದಿಕೆಯ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ.

ಇದಕ್ಕೆ ಅರ್ಧ ಗಂಟೆ ಮೌನ ಬೇಕು, ಅದೇ ಕಷ್ಟ. ನಿದ್ದೆಗೆಟ್ಟ ದಿನ ವಚನ ಬಾಯಲ್ಲೇ ಉಳಿಯುತ್ತದೆ.

ನಾನು ಹಿಡಿದ ಮೂರನೆಯ ರೀತಿ ರಾತ್ರಿಯ 'ಎಕ್ಸಾಮೆನ್', ಅಂದರೆ ಕಳೆದ ದಿನವನ್ನು ದೇವರ ಮುಂದೆ ತಿರುಗಿ ನೋಡುವ ಪ್ರಾರ್ಥನೆ. ಯೇಸುಸಭೆ (ಜೆಸ್ವಿಟ್) ಕಟ್ಟಿದ ಇಗ್ನೇಷಿಯಸ್ ಲೊಯೋಲ ಕಲಿಸಿದ್ದು. ಅವರ ಪ್ರಾರ್ಥನಾ ಕೈಪಿಡಿಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ಗಂಟೆ ಗಂಟೆಯಾಗಿ ದಿನವನ್ನು ನೋಡುವುದು, ಕ್ಷಮೆ, ನಾಳೆಯ ತೀರ್ಮಾನ. ನಾವು ಸಿಎಸ್ಐ (ದಕ್ಷಿಣ ಭಾರತ ಸಭೆ) ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ಇದು ಕಥೋಲಿಕರದು ಅಂತ ಹಿಂಜರಿಕೆ ಇತ್ತು. ಆದರೆ ನನ್ನನ್ನು ಪರೀಕ್ಷಿಸು, ನನ್ನ ಹೃದಯ ತಿಳಿದುಕೋ ಅಂತ 139ನೇ ಕೀರ್ತನೆಯಲ್ಲಿ ದಾವೀದ ಬೇಡುವುದೂ ಇದನ್ನೇ.

ಒಂದು ರಾತ್ರಿ ಹೀಗೆ ದಿನವನ್ನು ನೋಡುತ್ತಾ ಸಂಜೆ ಐದರ ಗಂಟೆಗೆ ಬಂದೆ. ಅಮ್ಮ ಮಾತ್ರೆ ಪಟ್ಟಿ ಹಿಡಿದು ಎರಡನೇ ಸಲ ಕೇಳಿದ್ದರು, ಇದು ತಗೊಂಡೆನಾ ಅಂತ. "ಆಗ್ಲೇ ಹೇಳಿದ್ನಲ್ಲಮ್ಮಾ!" ಅಂದಿದ್ದೆ. ಆಗ ನೋಡದೇ ಬಿಟ್ಟದ್ದು ಈಗ ಕಂಡಿತು: ಅವರು ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಿದ್ದರು. ಮರುದಿನ ಬೆಳಿಗ್ಗೆ ಅವರ ಪಕ್ಕ ಕೂತು ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿದೆ. ತಪ್ಪಾಯ್ತಮ್ಮಾ ಅಂದೆ.

ಕೃತಜ್ಞತೆಯನ್ನು ಮಾತ್ರ ಬಿಡಬೇಡಿ. ಒಂದು ವಾರ ನೇರವಾಗಿ ತಪ್ಪುಗಳಿಗೆ ಹೋದೆ. ಎದೆ ಭಾರವಾಗಿ ನಿದ್ದೆಯೇ ಬರಲಿಲ್ಲ. ಮೊದಲು ದೇವರ ಒಳ್ಳೇತನ ನೆನೆದರೆ ತಪ್ಪನ್ನು ನೋಡುವ ಧೈರ್ಯ ಬರುತ್ತದೆ.

ಒಂದೇ ಆರಿಸಿಕೊಳ್ಳಿ ಅಂದರೆ ನಾನು ಎಕ್ಸಾಮೆನ್ ಹಿಡಿಯುತ್ತೇನೆ. ಹತ್ತು ನಿಮಿಷ ಸಾಕು, ಹಾಸಿಗೆ ಮೇಲೇ ಆಗುತ್ತದೆ. ಬಿಡುವಿರುವ ಬೆಳಿಗ್ಗೆ ಲೆಕ್ಸಿಯೊ. ವರ್ಷದ ಓದನ್ನು ಮೂರು ವರ್ಷಕ್ಕೆ ಹಿಗ್ಗಿಸಿದ್ದೇನೆ. ಈಗ ಯಾಜಕಕಾಂಡ 19ಕ್ಕೆ ಮತ್ತೆ ಬಂದಿದ್ದೇನೆ. 32ನೇ ವಚನ ತಲೆ ನೆರೆತವರ ಮುಂದೆ ಎದ್ದು ನಿಲ್ಲು ಅನ್ನುತ್ತದೆ. ಈ ವಾರ ಅಲ್ಲೇ ಇದ್ದೇನೆ.