ದಿನಾ 'ಬ್ಯಾಕಪ್ ಸಕ್ಸೆಸ್' ಅಂತ ಮೇಲ್, ಫೈಲ್ ಒಳಗೆ ಮಾತ್ರ ಏನೂ ಇಲ್ಲ. ಎಎಂಸಿ ಕೊಟ್ಟವರು ಓದಿ

ನಿಮ್ಮ ಅಂಗಡಿಯ ಬಿಲ್ಲಿಂಗ್ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ನಡೆಯುತ್ತಿದೆಯಾ? ಅದನ್ನು ನೋಡಿಕೊಳ್ಳೋಕೆ ಹೊರಗಿನ ಕಂಪನಿಗೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಕೊಟ್ಟಿದ್ದೀರಾ? ಹಾಗಾದರೆ ಮುಂದೆ ಓದುವ ಮೊದಲು ಬ್ಯಾಕಪ್ ಫೋಲ್ಡರ್ ತೆರೆಯಿರಿ. ಫೈಲ್ ಹೆಸರು ನೋಡಬೇಡಿ, ತಾರೀಖು ನೋಡಬೇಡಿ. ಸೈಜ್ ನೋಡಿ. ನಮ್ಮಲ್ಲಿ ಪ್ರತಿ ಫೈಲೂ 20 ಬೈಟ್ ಇತ್ತು. ಜಿಬಿ ಅಲ್ಲ, ಎಂಬಿ ಅಲ್ಲ, ಕೆಬಿಯೂ ಅಲ್ಲ. 20 ಬೈಟ್.

ನಮ್ಮದು ದಾವಣಗೆರೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಹೋಲ್‌ಸೇಲ್. ನಾನು ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸರ್ವರ್, ಡೇಟಾಬೇಸ್ ಎಲ್ಲ ಬೆಂಗಳೂರಿನ ಒಂದು ಕಂಪನಿಯ ಕೈಯಲ್ಲಿತ್ತು. ಹೆಸರು ಹೇಳಲ್ಲ, ಯಜಮಾನರು ಬೇಡ ಅಂದಿದ್ದಾರೆ. ಕೆಲಸ ಏನು ಅಂತ ಎಎಂಸಿಯಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ದಿನಾ ರಾತ್ರಿ ಬ್ಯಾಕಪ್, ಡಿಸ್ಕ್ ಮೇಲೆ ನಿಗಾ, ತೊಂದರೆ ಬಂದರೆ ರಿಮೋಟ್‌ನಲ್ಲಿ ಸರಿ ಮಾಡಿಕೊಡುವುದು. ದುಡ್ಡು ಮೂರು ತಿಂಗಳಿಗೊಮ್ಮೆ, ಅದೂ ಮುಂಗಡ. ಒಂದು ಸಲವೂ ತಡ ಮಾಡಿಲ್ಲ ನಾವು.

2024ರ ಅಕ್ಟೋಬರ್ 10. ಮರುದಿನ ಆಯುಧ ಪೂಜೆ, ಅಂಗಡಿ ತುಂಬ ಜನ. ಮರುದಿನವೇ 11ನೇ ತಾರೀಖು, ಸೆಪ್ಟೆಂಬರ್‌ನ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್, ಹಾಕೋಕೆ ಕೊನೆ ದಿನ. ಅಂಥ ದಿನವೇ ಬಿಲ್ ಸೇವ್ ಆಗುವುದು ನಿಂತುಹೋಯಿತು. ಸೇವ್ ಒತ್ತಿದರೆ ತಿರುಗುತ್ತಾ ಕೂರುತ್ತೆ, ಅಷ್ಟೇ. ಸಪೋರ್ಟ್‌ಗೆ ಫೋನ್ ಮಾಡಿದೆ. ಒಬ್ಬ ಹುಡುಗ ರಿಮೋಟ್‌ನಲ್ಲಿ ಬಂದ. ಡಿಸ್ಕ್ 100 ಪರ್ಸೆಂಟ್ ತುಂಬಿದೆ ಮೇಡಂ ಅಂದ. ಡಿಸ್ಕ್ ತುಂಬಿದರೆ ಮೈಎಸ್‌ಕ್ಯೂಎಲ್ ಜಾಗ ಸಿಗಲಿ ಅಂತ ಕಾಯುತ್ತಾ ನಿಲ್ಲುತ್ತದೆ, ಅದಕ್ಕೇ ಬಿಲ್ ಹೋಗುತ್ತಿಲ್ಲ ಅಂದ. ಇಲ್ಲಿವರೆಗೆ ಸರಿಯಾಗಿಯೇ ಹೇಳಿದ. ಆದರೆ ಡಿಸ್ಕ್ ಮೇಲೆ ನಿಗಾ ಇಡೋಕೆ ತಾನೇ ದುಡ್ಡು ತಗೊಳ್ಳೋದು? ಅದು ತುಂಬುವವರೆಗೂ ಯಾರು ನೋಡುತ್ತಿದ್ದರು?

ಆಮೇಲೆ ನಡೆದದ್ದು ನನ್ನ ಕಣ್ಣ ಮುಂದೆಯೇ ನಡೆಯಿತು. ಡೇಟಾ ಫೋಲ್ಡರ್‌ನಲ್ಲಿ ಯಾವ ಫೈಲ್ ದೊಡ್ಡದು ಅಂತ ಪಟ್ಟಿ ತೆಗೆದ. ಮೇಲ್ಗಡೆ ಐಬಿಡೇಟಾ1 ಅಂತ ಒಂದು ಭಾರಿ ಫೈಲ್. ಕೆಳಗೆ ಐಬಿ ಲಾಗ್‌ಫೈಲ್ ಅಂತ ಎರಡು.

"ಇವು ಹಳೇ ಲಾಗ್ ಮೇಡಂ, ತೆಗೆದುಬಿಡ್ತೀನಿ, ಜಾಗ ಆಗುತ್ತೆ."

"ಬೇಡದ ಫೈಲ್ ಅಂತ ಗ್ಯಾರಂಟಿನಾ?"

"ಮೇಡಂ, ನಾವು ದಿನಾ ಮಾಡೋದೇ ಇದು."

ದಿನಾ ಮಾಡೋದೇ ಇದಂತೆ! ಮೂರನ್ನೂ ಅಳಿಸಿದ. ವಿಚಿತ್ರ ಅಂದರೆ, ಅಳಿಸಿದ ಮೇಲೂ ಡಿಸ್ಕ್ 100 ಪರ್ಸೆಂಟೇ ತೋರಿಸುತ್ತಿತ್ತು. "ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ" ಅಂತ ಮೈಎಸ್‌ಕ್ಯೂಎಲ್ ನಿಲ್ಲಿಸಿ ಮತ್ತೆ ಶುರು ಮಾಡಿದ. ಡಿಸ್ಕ್ ಖಾಲಿ ಆಯಿತು. "ನೋಡಿದ್ರಾ ಮೇಡಂ?" ಅಂದ.

ನೋಡಿದೆ. ಗಿರಾಕಿ ಖಾತೆ ತೆರೆದರೆ ಟೇಬಲ್ಲೇ ಇಲ್ಲ ಅಂತ ಎರರ್. ಬಿಲ್ ಟೇಬಲ್ ಇಲ್ಲ. ರಸೀದಿ ಟೇಬಲ್ ಇಲ್ಲ. ಪಟ್ಟಿಯಲ್ಲಿ ಎಲ್ಲದರ ಹೆಸರೂ ಇದೆ, ತೆರೆಯಲು ಹೋದರೆ ಇಲ್ಲ.

ಆಗಲೂ ನಾನು ಹೆದರಲಿಲ್ಲ, ನಿಜ ಹೇಳ್ತೀನಿ. ಯಾಕೆಂದರೆ ದಿನಾ ಬೆಳಗ್ಗೆ 'ಬ್ಯಾಕಪ್ ಸಕ್ಸೆಸ್' ಅಂತ ಮೇಲ್ ಬರುತ್ತಿತ್ತು. ಆವತ್ತು ಬೆಳಗ್ಗೆಯೂ ಬಂದಿತ್ತು. ರಾತ್ರಿಯದ್ದು ಹಾಕಿಬಿಡಿ, ಬೆಳಗಿನಿಂದ ಹಾಕಿದ ಬಿಲ್‌ಗಳನ್ನು ಮತ್ತೆ ಟೈಪ್ ಮಾಡ್ಕೋತೀವಿ ಅಂದೆ. ಹುಡುಗ ಬ್ಯಾಕಪ್ ಫೋಲ್ಡರ್ ತೆರೆದ. ಮಾತು ನಿಂತುಹೋಯಿತು. "ಒಂದ್ನಿಮಿಷ ಮೇಡಂ" ಅಂದ. ನಾನೂ ಸ್ಕ್ರೀನ್ ನೋಡುತ್ತಾ ಕೂತಿದ್ದೇನಲ್ಲ. ಏಳೆಂಟು ಫೈಲ್, ಸಾಲಾಗಿ, ತಾರೀಖು ಸಮೇತ. ಎಲ್ಲದರ ಮುಂದೆ 20. 20. 20. ಇಷ್ಟು ದಿನ ಮೇಲ್ ನೋಡಿ ನೆಮ್ಮದಿಯಿಂದ ಕೂತಿದ್ದೆವಲ್ಲ ಅಂತ ಮೈ ಉರಿದುಹೋಯಿತು. ಪಕ್ಕದಲ್ಲಿ ಯಜಮಾನರು ನಿಂತಿದ್ದರು. "ಏನಮ್ಮ, ಬ್ಯಾಕಪ್ ಐತಲ್ಲ?" ಅಂತ ಕೇಳಿದರು. ಏನು ಹೇಳಲಿ?

ಯಾಕೆ 20 ಅಂತ ಆಮೇಲೆ ತಿಳಿಯಿತು. ಜುಲೈನಲ್ಲಿ ಇವರೇ ಸೆಕ್ಯೂರಿಟಿ ಅಂತ ಹೇಳಿ ಡೇಟಾಬೇಸ್ ಪಾಸ್‌ವರ್ಡ್ ಬದಲಾಯಿಸಿದ್ದರು. ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಹಳೇ ಪಾಸ್‌ವರ್ಡೇ ಉಳಿದಿತ್ತು. ಡೇಟಾವನ್ನೆಲ್ಲ ಒಂದು ಫೈಲ್‌ಗೆ (ಡಂಪ್ ಅಂತಾರೆ) ಬರೆದುಕೊಡುವ ಮೈಎಸ್‌ಕ್ಯೂಎಲ್‌ಡಂಪ್ ಪ್ರೋಗ್ರಾಂ ದಿನಾ ರಾತ್ರಿ ಬಾಗಿಲಲ್ಲೇ 'ಆಕ್ಸೆಸ್ ಡಿನೈಡ್' ಅಂತ ವಾಪಸ್ ಬರುತ್ತಿತ್ತು. ಅದರಿಂದ ಬಂದದ್ದನ್ನು ಜಿಜಿಪ್ ಅನ್ನೋ, ಫೈಲ್ ಒತ್ತಿ ಚಿಕ್ಕದು ಮಾಡುವ ಪ್ರೋಗ್ರಾಂಗೆ ಕೊಡುವ ಹಾಗೆ ಸ್ಕ್ರಿಪ್ಟ್ ಬರೆದಿದ್ದರು. ಏನೂ ಬರದಿದ್ದರೂ ಜಿಜಿಪ್ ಪಾಪ ಅದನ್ನೇ ಪ್ಯಾಕ್ ಮಾಡುತ್ತದೆ. ಖಾಲಿಯನ್ನು ಪ್ಯಾಕ್ ಮಾಡಿದರೆ ಸರಿಯಾಗಿ 20 ಬೈಟ್ ಬರುತ್ತದೆ. ಹೀಗೆ ಎರಡು ಕಮಾಂಡ್ ಜೋಡಿಸಿದಾಗ ಸರ್ವರ್‌ನಲ್ಲಿ ಕಮಾಂಡ್ ಓಡಿಸುವ ಲಿನಕ್ಸ್ ಶೆಲ್ ಕೊನೆಯದ್ದು ಗೆದ್ದಿತಾ ಅಂತ ಮಾತ್ರ ನೋಡುತ್ತದೆ. ಪೈಪ್‌ಫೇಲ್ ಅನ್ನೋ ಒಂದು ಸೆಟ್ಟಿಂಗ್ ಹಾಕಿದ್ದರೆ ಮೊದಲನೆಯದು ಸೋತದ್ದೂ ಗೊತ್ತಾಗುತ್ತಿತ್ತು. ಹಾಕಿರಲಿಲ್ಲ. ಜಿಜಿಪ್ ಗೆದ್ದಿತು, ಸ್ಕ್ರಿಪ್ಟ್ ಗೆದ್ದಿತು, 'ಸಕ್ಸೆಸ್' ಮೇಲ್ ಬಂತು. ಇನ್ನೂ ಒಂದು ಇದೆ. ಅದೇ ಸ್ಕ್ರಿಪ್ಟ್ ಏಳು ದಿನಕ್ಕಿಂತ ಹಳೇ ಫೈಲ್‌ಗಳನ್ನು ಅಳಿಸುತ್ತಿತ್ತು. ಅಂದರೆ ಜುಲೈನ ಒಳ್ಳೇ ಬ್ಯಾಕಪ್‌ಗಳನ್ನು ತಾನೇ ತೆಗೆದುಹಾಕಿ, ಆ ಜಾಗದಲ್ಲಿ ಖಾಲಿ ಡಬ್ಬಗಳನ್ನು ಜೋಡಿಸಿಟ್ಟಿತ್ತು.

ಈಗ ಆ ಕಂಪನಿಯವರ ಉತ್ತರ ಕೇಳಿ. ಮೊದಲು ಹುಡುಗನ ಮೇಲಿನವರು ಮಾತಾಡಿದರು. "ಮೇಡಂ, ನಿಮಗೆ ಟೆಕ್ನಿಕಲ್ ವಿಷಯ ಹೇಳಿದ್ರೂ ಅರ್ಥ ಆಗಲ್ಲ, ಸರ್‌ಗೆ ಫೋನ್ ಕೊಡಿ." ಕೊಟ್ಟೆ. ಸರ್‌ಗೆ ಹೇಳಿದ್ದು ಏನು ಗೊತ್ತಾ? "ಡಿಸ್ಕ್ ಚಿಕ್ಕದು ತಗೊಂಡಿದ್ದು ನೀವೇ ಅಲ್ವಾ ಸರ್." ಯಜಮಾನರು ಮತ್ತೆ ನನ್ನ ಕಡೆ ನೋಡಿದರು. ಆಮೇಲೆ ಅವರ ಮ್ಯಾನೇಜರ್ ಬಂದರು. "ಇದು ಮೈಎಸ್‌ಕ್ಯೂಎಲ್ 5.7ರ ಬಗ್, ಆ ವರ್ಷನ್‌ಗೆ 2023ರ ಅಕ್ಟೋಬರ್‌ನಲ್ಲೇ ಸಪೋರ್ಟ್ ನಿಂತಿದೆ" ಅಂದರು. ನಿಂತಿದ್ದು ನಿಜ. ಹಾಗಾದರೆ ಒಂದು ವರ್ಷ ಅದರ ಮೇಲೆ ಎಎಂಸಿ ದುಡ್ಡು ತಗೊಂಡವರು ಯಾರು? ಫೈಲ್ ಅಳಿಸಿದ್ದು ಬಗ್ಗಾ, ನಿಮ್ಮ ಹುಡುಗನಾ?

ಕೊನೆಗೆ ಬಂದದ್ದು ಎಲ್ಲಕ್ಕಿಂತ ದೊಡ್ಡ ಮಾತು. ಎಷ್ಟು ಸಲ ನೆನೆಸಿಕೊಂಡರೂ ಸಿಟ್ಟು ಇಳಿಯುವುದಿಲ್ಲ. "ಮೇಡಂ, ಅಗ್ರಿಮೆಂಟ್ ಓದಿ. ಬ್ಯಾಕಪ್ ತೆಗೆಯೋದು ನಮ್ಮ ಕೆಲಸ ಅಂತ ಇದೆ. ರಿಸ್ಟೋರ್ ಅಂತ ಎಲ್ಲೂ ಇಲ್ಲ. ಡೇಟಾ ರಿಕವರಿ ಬೇಕಂದ್ರೆ ಬೇರೆ ಕೊಟೇಶನ್ ಕಳಿಸ್ತೀವಿ." ಕಳಿಸಿಯೂ ಬಿಟ್ಟರು! ಅರ್ಧ ಅಡ್ವಾನ್ಸ್, ರಿಸಲ್ಟ್‌ಗೆ ಗ್ಯಾರಂಟಿ ಇಲ್ಲ, 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಅಳಿಸಿದವರೇ ಹುಡುಕಿಕೊಡೋಕೆ ರೇಟ್ ಹೇಳ್ತಾರೆ.

ನಾವು ಕೊಡಲಿಲ್ಲ. ನನ್ನ ತಮ್ಮನ ಗೆಳೆಯನೊಬ್ಬ ಡೇಟಾಬೇಸ್ ಕೆಲಸದಲ್ಲೇ ಇದ್ದಾನೆ, ಅವನನ್ನು ಕರೆಸಿದೆವು. ಅವನು ಹೇಳಿದ್ದನ್ನು ಕೇಳಿ ಇನ್ನೂ ಹೊಟ್ಟೆ ಉರಿಯಿತು.

ಐಬಿಡೇಟಾ1 ಲಾಗ್ ಅಲ್ಲವೇ ಅಲ್ಲ. ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಟ್ಟುಕೊಳ್ಳುವ ಭಾಗಕ್ಕೆ ಇನ್ನೋಡಿಬಿ ಅಂತಾರೆ, ಅದರ ಮುಖ್ಯ ಫೈಲ್ ಅದು, ಯಾವ ಟೇಬಲ್ ಎಲ್ಲಿದೆ ಅನ್ನುವ ಲೆಕ್ಕ ಅದರಲ್ಲೇ ಇರುತ್ತದೆ. ನಮ್ಮ ಸರ್ವರ್ ಮೈಎಸ್‌ಕ್ಯೂಎಲ್ 5.5ರ ಕಾಲದಲ್ಲಿ ಶುರುವಾದದ್ದು. ಆಗ ಟೇಬಲ್‌ಗಳ ಡೇಟಾವೂ ಅದರೊಳಗೇ ಹೋಗುತ್ತಿತ್ತು. ಟೇಬಲ್‌ಗೊಂದು ಐಬಿಡಿ ಫೈಲ್ ತಾನಾಗೇ ಆಗೋದು 5.6ರಿಂದ. ಹಾಗಾಗಿ ಗಿರಾಕಿ ಖಾತೆ, ಬಿಲ್, ರಸೀದಿ ಎಲ್ಲಾ ಆ ಒಂದೇ ಫೈಲ್‌ನಲ್ಲಿ ಇದ್ದವು. ಐಬಿ ಲಾಗ್‌ಫೈಲ್‌ನ ಹೆಸರಲ್ಲಿ ಲಾಗ್ ಇದ್ದರೂ ಅದು ಕರೆಂಟ್ ಹೋದಾಗ ಡೇಟಾ ಉಳಿಸುವ ರೀಡೂ ಲಾಗ್, ಕಸ ಅಲ್ಲ.

ಅಳಿಸಿದ ಮೇಲೂ ಡಿಸ್ಕ್ ಯಾಕೆ ಖಾಲಿ ಆಗಲಿಲ್ಲ ಅಂತ ಕೇಳಿದೆ. ಯಾಕೆಂದರೆ ಆ ಫೈಲ್ ಇನ್ನೂ ಇತ್ತು! ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಮೈಎಸ್‌ಕ್ಯೂಎಲ್ ಓಡುತ್ತಿರುವವರೆಗೂ ಓಡುತ್ತಿರುವ ಪ್ರೋಗ್ರಾಂಗಳ ವಿವರ ಲಿನಕ್ಸ್ ತೋರಿಸುವ ಪ್ರಾಕ್ ಫೋಲ್ಡರ್‌ನಿಂದ ಅದನ್ನು ವಾಪಸ್ ಕಾಪಿ ಮಾಡಿಕೊಳ್ಳುವ ದಾರಿ ಇತ್ತು. ಬರೆಯುವುದನ್ನು ನಿಲ್ಲಿಸಿ, ಇನ್ನೊಂದು ಡಿಸ್ಕ್ ಹಾಕಿ ಕಾಪಿ ಮಾಡಿಕೊಂಡಿದ್ದರೆ ಮುಗಿಯುತ್ತಿತ್ತು. ರೀಸ್ಟಾರ್ಟ್ ಮಾಡಿದ ಆ ಕ್ಷಣದಲ್ಲೇ ನಮ್ಮ ಡೇಟಾ ನಿಜವಾಗಿ ಹೋದದ್ದು. "ನೋಡಿದ್ರಾ ಮೇಡಂ" ಅಂದನಲ್ಲ, ಆಗ.

ಇನ್ನೊಂದು ಕೇಳಿ. ಡಿಸ್ಕ್ ತುಂಬಿಸಿದ್ದರಲ್ಲಿ ದೊಡ್ಡ ಪಾಲು ಬಿನ್‌ಲಾಗ್‌ಗಳದ್ದು, ಅಂದರೆ ಡೇಟಾಬೇಸ್‌ನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಬರೆದಿಡುವ ಫೈಲ್‌ಗಳದ್ದು. 5.7ರಲ್ಲಿ ಬಿನ್‌ಲಾಗ್ ಆನ್ ಮಾಡಿ ಎಷ್ಟು ದಿನಕ್ಕೆ ಅಳಿಸಬೇಕು ಅಂತ ಹೇಳದಿದ್ದರೆ ಅವು ಅಳಿಯುವುದೇ ಇಲ್ಲ. 8.0ರಲ್ಲಾದರೆ ಹೇಳದಿದ್ದರೂ 30 ದಿನಕ್ಕೆ ಹೋಗುತ್ತವೆ. ಪರ್ಜ್ ಬೈನರಿ ಲಾಗ್ಸ್ ಅನ್ನೋ ಒಂದು ಕಮಾಂಡ್ ಕೊಟ್ಟು ಒಂದಿಷ್ಟು ಹಳೇವನ್ನು ತೆಗೆದಿದ್ದರೆ ಆವತ್ತಿನ ತೊಂದರೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಬಿಟ್ಟು ಐಬಿಡೇಟಾ ತೆಗೆದ. ಹೋಗಲಿ, ಎಲ್ಲಾ ಹಾಳಾದ ಮೇಲೂ ಅದೇ ಬಿನ್‌ಲಾಗ್ ನಮ್ಮನ್ನು ಉಳಿಸಬಹುದಿತ್ತು. ಆಡಿಟರ್‌ಗೆ ಅಂತ ಮಾರ್ಚ್ ಕೊನೆಗೆ ತೆಗೆದ ಒಂದು ಡಂಪ್ ನನ್ನ ಪೆನ್‌ಡ್ರೈವ್‌ನಲ್ಲಿತ್ತು. ಅದನ್ನು ಹಾಕಿ, ಏಪ್ರಿಲ್‌ನಿಂದಾಚೆಗಿನ ಬಿನ್‌ಲಾಗ್ ಓಡಿಸಿದ್ದರೆ ಹೆಚ್ಚುಕಮ್ಮಿ ಪ್ರತಿ ಬಿಲ್ಲೂ ವಾಪಸ್ ಬರುತ್ತಿತ್ತು. ಆದರೆ ಆ ಸಂಜೆ, ನನಗೆ ಹೇಳದೆ ಕೇಳದೆ, "ರಿಕವರಿಗೆ ಜಾಗ ಬೇಕು" ಅಂತ ಬಿನ್‌ಲಾಗ್ ಪೂರ್ತಿ ಅಳಿಸಿದ್ದರು. ಕೇಳಿದ್ದಕ್ಕೆ "ಅದು ಕ್ಲೀನಪ್ ಮೇಡಂ" ಅಂದರು. ಕ್ಲೀನಪ್!

ತಮ್ಮನ ಗೆಳೆಯ ಐಬಿಡಿ ಫೈಲ್ ಇದ್ದ ಹೊಸ ಟೇಬಲ್‌ಗಳನ್ನು ಇಂಪೋರ್ಟ್ ಮಾಡಿ ಎಬ್ಬಿಸಿದ. ಸ್ಟಾಕ್ ಬಂತು, ರೇಟ್ ಪಟ್ಟಿ ಬಂತು. ಹಳೇ ಟೇಬಲ್‌ಗಳು, ಪೆನ್‌ಡ್ರೈವ್‌ನ ಡಂಪ್ ಹಾಕಿದ್ದರಿಂದ, ಮಾರ್ಚ್‌ಗೆ ಹೋಗಿ ನಿಂತವು. ಮಿಕ್ಕಿದ್ದನ್ನು ಜಿಎಸ್‌ಟಿ ಪೋರ್ಟಲ್‌ನಿಂದ ಕೆದಕಿ ತೆಗೆದೆವು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹಾಕಿದ್ದ ಜಿಎಸ್‌ಟಿಆರ್-1ರಲ್ಲಿ ಜಿಎಸ್‌ಟಿ ನಂಬರ್ ಇರುವ ಗಿರಾಕಿಗಳ ಬಿಲ್ ನಂಬರ್, ತಾರೀಖು, ಮೊತ್ತ ಸಿಕ್ಕಿತು. ಖರೀದಿಗೆ 2ಬಿ, ಅಂದರೆ ನಮಗೆ ಮಾರಿದವರು ಹಾಕಿದ ಬಿಲ್‌ಗಳ ಪಟ್ಟಿ, ಸಿಕ್ಕಿತು. ಸೆಪ್ಟೆಂಬರ್‌ದು ಬಿಲ್ ಪುಸ್ತಕದ ಕಾರ್ಬನ್ ಕಾಪಿ, ಇ-ವೇ ಬಿಲ್ ನೋಡಿ ಕೈಯಲ್ಲೇ ಹಾಕಿದ್ದು, ಕೊನೆ ದಿನ ದಾಟಿಯೇ ಹೋಯಿತು.

ಆದರೆ ಯಾರು ಎಷ್ಟು ಕೊಟ್ಟಿದ್ದಾರೆ ಅನ್ನೋದು ಯಾವ ಪೋರ್ಟಲ್‌ನಲ್ಲೂ ಇರಲ್ಲ. ಹರಿಹರ, ಚನ್ನಗಿರಿ, ಜಗಳೂರಿನ ಮೆಕ್ಯಾನಿಕ್‌ಗಳು, ಅಂಗಡಿಯವರು, ಎಲ್ಲ ಉದ್ರಿ ಗಿರಾಕಿಗಳು. ಅವರಿಗೆ ನಾನೇ ಫೋನ್ ಮಾಡಿ "ಅಣ್ಣಾ, ನಮಗೆ ನಿಮ್ಮದು ಎಷ್ಟು ಬಾಕಿ ಐತಿ, ನೀವೇ ಹೇಳ್ರಿ" ಅಂತ ಕೇಳಬೇಕಾಯಿತು. ಕೆಲವರು ಚೀಟಿ ನೋಡಿ ಪೈಸೆ ಸಮೇತ ಹೇಳಿದರು, ಅವರಿಗೆ ಕೈ ಮುಗಿಯಬೇಕು. ಒಬ್ಬರು ನಕ್ಕು, "ಏನೂ ಇಲ್ಲ ಬಿಡಮ್ಮ" ಅಂದರು. ಅವರದ್ದು ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಯಾವ ಕಾಗದ ತೋರಿಸಿ ಕೇಳಲಿ?

ದೊಡ್ಡವರಿಗೂ ಹೀಗೆ ಆಗಿದೆ ಅಂತ ಆ ಮ್ಯಾನೇಜರ್ ನನಗೇ ಪಾಠ ಹೇಳಿದರು, ಸಾಫ್ಟ್‌ವೇರ್ ಕೋಡ್ ಇಡುವ ಗಿಟ್‌ಲ್ಯಾಬ್ ಕಂಪನಿಯ ಉದಾಹರಣೆ ಕೊಟ್ಟರು. ಓದಿ ನೋಡಿದೆ. 2017ರ ಜನವರಿ 31ರಂದು ಅವರ ಇಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾ ಫೋಲ್ಡರ್ ಅಳಿಸಿದ್ದು ನಿಜ. ವರ್ಷನ್ ಹೊಂದದೆ ಅವರ ದಿನದ ಬ್ಯಾಕಪ್ ಸೋಲುತ್ತಿತ್ತು, ಅದರ ಎಚ್ಚರಿಕೆ ಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ, ಅದೂ ನಿಜ. ಆದರೆ ಅವರು ಕಳೆದುಕೊಂಡದ್ದು ಸುಮಾರು ಆರು ಗಂಟೆಯ ಡೇಟಾ, ನಮ್ಮದು ಆರು ತಿಂಗಳು. ಮತ್ತೆ ಅವರು ಏನಾಯ್ತು, ಯಾಕಾಯ್ತು ಅಂತ ಜಗತ್ತಿಗೆಲ್ಲ ಬರೆದು ತಿಳಿಸಿದರು. ಇವರು ನಮಗೆ ಕೊಟೇಶನ್ ಕಳಿಸಿದರು.

ಎಎಂಸಿ ಮಾಡಿಸುವವರು ಅಗ್ರಿಮೆಂಟ್‌ನಲ್ಲಿ ರಿಸ್ಟೋರ್ ಅನ್ನೋ ಪದ ಬರೆಸಿ, ಇಲ್ಲದಿದ್ದರೆ ಸಹಿ ಹಾಕಬೇಡಿ. ಡಂಪ್ ಫೈಲ್ ಬಿಚ್ಚಿ ಕೊನೇ ಸಾಲು ನೋಡಿ, 'ಡಂಪ್ ಕಂಪ್ಲೀಟೆಡ್' ಅಂತ ತಾರೀಖು ಸಮೇತ ಇರಬೇಕು. ಮೇಲ್ ನಂಬಬೇಡಿ. "ದಿನಾ ಮಾಡೋದೇ ಇದು" ಅಂದವರ ಕೈಯಿಂದ ಮೌಸ್ ಕಿತ್ಕೊಳ್ಳಿ.

ಈಗ ತಮ್ಮನ ಗೆಳೆಯನೇ ನೋಡಿಕೊಳ್ಳುತ್ತಿದ್ದಾನೆ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ನಾನು ಕೇಳಿದ ಬಿಲ್ ತೆರೆದು ತೋರಿಸಿದ ಮೇಲೇ ಅವನಿಗೆ ದುಡ್ಡು. ಹಳೇ ಕಂಪನಿಯವರು ಮುಂದಿನ ಮೂರು ತಿಂಗಳ ಬಿಲ್ ಕಳಿಸಿದ್ದರು, 'ಬ್ಯಾಕಪ್ ಮಾನಿಟರಿಂಗ್ ಚಾರ್ಜ್' ಸೇರಿಸಿ. ಕೊಟ್ಟಿಲ್ಲ. ಕೊಡೋದೂ ಇಲ್ಲ.