ನಮ್ಮ ನಗರಸಭೆಯ ಸೇವೆ: ಕಂದಾಯದ ಕೌಂಟರಿನಿಂದ ವಸತಿ ಶಾಖೆಯವರೆಗೆ

ಮೂವತ್ತೊಂದು ವಾರ್ಡುಗಳಿರುವ ನಮ್ಮ ಊರಿನ ನಗರಸಭೆಗೆ ಕಳೆದ ಒಂದು ವರ್ಷದಲ್ಲಿ ನಾನು ಹತ್ತಾರು ಬಾರಿ ಹೋಗಿಬಂದಿದ್ದೇನೆ. ತಂದೆಯವರು ತೀರಿಕೊಂಡ ಬಳಿಕ ಮನೆಯ ಖಾತೆಯನ್ನು ತಾಯಿಯವರ ಹೆಸರಿಗೆ ಮಾಡಿಸಬೇಕಾಗಿತ್ತು. ಜೊತೆಗೆ, ನಮ್ಮ ಬೀದಿಗೆ ಹೂವು ತರುವ ಹೆಂಗಸೊಬ್ಬರ ಮನೆ ಅರ್ಜಿಯ ಬೆನ್ನುಹತ್ತಿ ವಸತಿ ಶಾಖೆಗೂ ಓಡಾಡಿದೆ. ಈ ಎರಡು ಕೆಲಸಗಳಲ್ಲಿ ಒಂದೇ ಕಚೇರಿ ನನಗೆ ಎರಡು ಬೇರೆ ಕಚೇರಿಗಳಂತೆ ಕಂಡಿದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆಸ್ತಿ ತೆರಿಗೆಯ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ. 5ರಷ್ಟು ರಿಯಾಯಿತಿ ಸಿಗುತ್ತದೆ, ಜುಲೈನಿಂದ ತಿಂಗಳಿಗೆ ಶೇ. 2ರಂತೆ ದಂಡ ಬೀಳುತ್ತದೆ. ಈಗ ಚಲನ್ ಪಡೆದು ಮೊಬೈಲಿನಲ್ಲೇ ಹಣ ಕಟ್ಟಬಹುದಾದ್ದರಿಂದ ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಲ್ಲುವುದು ತಪ್ಪಿದೆ. ತಿಂಗಳ ಕೊನೆಯ ವಾರದಲ್ಲಿ ಸರ್ವರ್ ನಿಧಾನವಾಗುತ್ತದೆ. ಮೊದಲ ಹದಿನೈದು ದಿನಗಳಲ್ಲೇ ಕಟ್ಟಿ ಮುಗಿಸುವುದು ಒಳ್ಳೆಯದು.

ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಋಣಭಾರ ಪತ್ರ, ಕಂದಾಯದ ರಸೀದಿ, ಆಧಾರ್ ಪ್ರತಿಗಳನ್ನು ಕೊಟ್ಟೆವು. ಅರ್ಜಿ ತೆಗೆದುಕೊಂಡ ಸಿಬ್ಬಂದಿ "ಇಟ್ಟು ಹೋಗಿ, ನೋಡ್ತೀವಿ" ಎಂದರು. ಅಲ್ಲಿಯೇ ನಿಂತು ಸಕಾಲದ ಸ್ವೀಕೃತಿಯನ್ನು ಕೇಳಿ ಪಡೆದುಕೊಂಡೆ. ಓದುಗರು ಈ ಒಂದು ಮಾತನ್ನಾದರೂ ದಯವಿಟ್ಟು ನೆನಪಿಟ್ಟುಕೊಳ್ಳಬೇಕು. 2011ರ ಸಕಾಲ ಕಾಯ್ದೆಯ ಪ್ರಕಾರ ನಿಗದಿತ ಅವಧಿಯೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಆ ಮೊತ್ತ ಅಲ್ಪವೇ ಸರಿ, ಆದರೆ ಸ್ವೀಕೃತಿಯಲ್ಲಿರುವ ಹದಿನೈದು ಅಂಕಿಗಳ ಸಂಖ್ಯೆ ಕೈಯಲ್ಲಿದ್ದರೆ ಅರ್ಜಿ ಯಾವ ದಿನ ಯಾರ ಮೇಜಿನ ಮೇಲಿತ್ತು ಎಂದು ಕೇಳುವ ಧೈರ್ಯ ಬರುತ್ತದೆ. ಹಳೆಯ ರಿಜಿಸ್ಟರಿನಲ್ಲಿ ತಂದೆಯವರ ಹೆಸರಿನ ಒಂದು ಅಕ್ಷರ ತಪ್ಪಾಗಿದ್ದ ಕಾರಣ ಒಮ್ಮೆ ಅರ್ಜಿ ಹಿಂದಕ್ಕೆ ಬಂತು. ಬಿಲ್ ಕಲೆಕ್ಟರ್ ಮನೆಗೆ ಬಂದು, ಟೇಪು ಹಿಡಿದು ಅಳತೆ ಮಾಡಿ, ತಾಯಿಯವರ ಫೋಟೊ ತೆಗೆದುಕೊಂಡು ಹೋದರು. ಅವಧಿ ಮುಗಿಯುವ ಎರಡು ದಿನ ಮೊದಲೇ ಇ-ಖಾತೆ ಕೈಸೇರಿತು. ಲಂಚದ ಮಾತು ಯಾರೂ ಎತ್ತಲಿಲ್ಲ.

ಕಸದ ಗಾಡಿ ಬೆಳಗ್ಗೆ ಆರೂವರೆಗೆ ತಪ್ಪದೆ ಬರುತ್ತದೆ. ಹಸಿ ಕಸ, ಒಣ ಕಸ ಬೆರೆತಿದ್ದರೆ ಪೌರಕಾರ್ಮಿಕರು ಸಮಾಧಾನವಾಗಿ ತಿಳಿಹೇಳುತ್ತಾರೆ. ಇಡೀ ನಗರಸಭೆಯಲ್ಲಿ ನನಗೆ ಅತ್ಯಂತ ಗೌರವವಿರುವುದು ಅವರ ಮೇಲೆ. ಕುಡಿಯುವ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಬಿಡುವ ಹೊತ್ತು ಮಾತ್ರ ವಾಲ್ವ್‌ಮ್ಯಾನ್‌ಗೇ ಗೊತ್ತು.

ಇನ್ನು ವಸತಿ ಶಾಖೆಯ ವಿಷಯ. ಪ್ರಧಾನಮಂತ್ರಿ ಆವಾಸ್, ವಾಜಪೇಯಿ ನಗರ ವಸತಿ, ಅಂಬೇಡ್ಕರ್ ನಿವಾಸ್ ಮೊದಲಾದ ಯೋಜನೆಗಳ ಅರ್ಜಿಗಳು ಇಲ್ಲಿಗೆ ಬರುತ್ತವೆ. ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ, ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ತೊಲೆಯ ಮಟ್ಟ), ಛಾವಣಿ, ಮುಕ್ತಾಯ ಎಂಬ ನಾಲ್ಕು ಹಂತಗಳಲ್ಲಿ, ಪ್ರತಿ ಹಂತದ ಜಿಪಿಎಸ್ ಫೋಟೊ ದಾಖಲಾದ ಮೇಲೆ, ಕಂತು ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಮಧ್ಯವರ್ತಿಗಳನ್ನು ದೂರವಿಡುವುದಕ್ಕೆ ಇದು ಒಳ್ಳೆಯ ವ್ಯವಸ್ಥೆಯೆಂದೇ ನಾನು ನಂಬಿದ್ದೇನೆ. ಆದರೆ ಫೋಟೊ ತೆಗೆಯಬೇಕಾದವರು ಬಾರದಿದ್ದರೆ ಇಡೀ ವ್ಯವಸ್ಥೆ ಅಲ್ಲಿಗೇ ನಿಲ್ಲುತ್ತದೆ. ಹೂವಿನವರಿಗೆ ಆದದ್ದು ಇದೇ. ಹೆಂಚಿನ ಹಳೆಯ ಮನೆ ಕೆಡವಿ, ಕೈಸಾಲ ಮಾಡಿ ಲಿಂಟಲ್‌ವರೆಗೆ ಗೋಡೆ ಎಬ್ಬಿಸಿದ್ದಾರೆ. "ಫೋಟೊ ತೆಗೆಯೋರೇ ಬಂದಿಲ್ಲ ಅಣ್ಣ, ಮಳೆ ಬೇರೆ ಶುರುವಾಯ್ತು" ಎಂದು ಅವರು ಹೇಳಿದ ಮೇಲೆ ಹೋಗಿ ನೋಡಿದೆ. ಕಂಬದ ಮೇಲೆ ಚಾಚಿಕೊಂಡ ಕಬ್ಬಿಣದ ಕಂಬಿಗಳಿಗೆ ತುಕ್ಕು ಹಿಡಿಯದಿರಲೆಂದು ಖಾಲಿ ಹಾಲಿನ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಕಟ್ಟಿದ್ದರು. ಪಕ್ಕದ ಟಾರ್ಪಾಲಿನ ಶೆಡ್ಡಿನಲ್ಲಿ ಸಂಸಾರ. ಶಾಖೆಯಲ್ಲಿ ವಿಚಾರಿಸಿದಾಗ, ಇಂಜಿನಿಯರ್ ವರ್ಗವಾಗಿದ್ದಾರೆ, ಹೊಸಬರಿಗೆ ಇನ್ನೂ ಲಾಗಿನ್ ಬಂದಿಲ್ಲ ಎಂಬ ಉತ್ತರ ಸಿಕ್ಕಿತು. ಮುಂದಿನ ಮೂರು ಭೇಟಿಗಳಲ್ಲೂ ಉತ್ತರ ಬದಲಾಗಲಿಲ್ಲ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಫಲಾನುಭವಿಗಳ ಪಟ್ಟಿ. ಹಳ್ಳಿಯಲ್ಲಾದರೆ ಗ್ರಾಮಸಭೆಯಲ್ಲಿ ಹೆಸರು ಓದುತ್ತಾರೆ. ಮನೆ ಇರುವವರಿಗೇ ಮತ್ತೆ ಮನೆ ಕೊಟ್ಟರೆ ಯಾರಾದರೂ ಎದ್ದುನಿಂತು ಆಕ್ಷೇಪಿಸಬಹುದು. ನಗರಸಭೆಯ ವ್ಯಾಪ್ತಿಯಲ್ಲಿ ಆಯ್ಕೆ ನಡೆಯುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. ವಾರ್ಡ್ ಸಮಿತಿಗಳನ್ನು ಸಂವಿಧಾನ ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ, ನಮ್ಮ ವಾರ್ಡಿನಲ್ಲಂತೂ ಅಂಥ ಸಭೆಯನ್ನು ನಾನು ಕಂಡಿಲ್ಲ. ಊರಿನ ಗಡಿ ದಾಟಿ ಎರಡು ಕಿಲೋಮೀಟರ್ ಆಚೆಗಿರುವ ಬಡವರಿಗೆ ಇರುವ ಕೇಳುವ ಹಕ್ಕು, ಗಡಿಯೊಳಗಿನ ಬಡವರಿಗೆ ಇಲ್ಲವಾಗಿದೆ.

ಇದನ್ನು ತಿಳಿಯಲೆಂದೇ ಒಮ್ಮೆ ಸಾಮಾನ್ಯ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಚರಂಡಿಯ ಹೂಳಿನ ಬಗ್ಗೆ ಸದಸ್ಯರು ಮುಕ್ಕಾಲು ಗಂಟೆ ಮಾತನಾಡಿದರು, ಅದು ಬೇಕಾದ ಚರ್ಚೆಯೇ. ಖಾಸಗಿ ಬಡಾವಣೆಯೊಂದನ್ನು ನಗರಸಭೆಯ ಸುಪರ್ದಿಗೆ ಪಡೆಯುವ ವಿಷಯ ಬಂದಾಗ ಸದಸ್ಯೆಯೊಬ್ಬರು, ಉದ್ಯಾನಕ್ಕೆ ಬಿಡಬೇಕಾದ ಶೇ. 10 ಮತ್ತು ನಾಗರಿಕ ಸೌಲಭ್ಯಕ್ಕೆ ಬಿಡಬೇಕಾದ ಶೇ. 5 ಜಾಗ ನಕ್ಷೆಯಲ್ಲಿದೆ, ನೆಲದ ಮೇಲೆ ಎಲ್ಲಿದೆ ಎಂದು ಕೇಳಿದರು. ಸ್ಥಳ ಪರಿಶೀಲನೆ ಮಾಡಿಸೋಣ ಎಂಬ ಮಾತಿನೊಂದಿಗೆ ಮುಂದಿನ ವಿಷಯ ಓದಲಾಯಿತು. ಚರಂಡಿಯ ಹೂಳನ್ನು ಮತ್ತೆ ತೆಗೆಸಬಹುದು. ಉದ್ಯಾನದ ಜಾಗದಲ್ಲಿ ಒಮ್ಮೆ ಮನೆ ಎದ್ದರೆ ಅದನ್ನು ಮರಳಿ ಪಡೆಯಲು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಿಲ್ಲಬೇಕು. ಆ ಸದಸ್ಯೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಆ ವಿಷಯವನ್ನು ತಡೆಹಿಡಿಯಬೇಕಿತ್ತು.

ಕಂದಾಯ, ಖಾತೆಗಳಿಗಾದರೆ ದಲ್ಲಾಳಿಗಳ ನೆರವಿಲ್ಲದೆ ನೇರವಾಗಿ ಹೋಗಿ ಎಂದು ಎಲ್ಲರಿಗೂ ಹೇಳುತ್ತೇನೆ. ವಸತಿ ಶಾಖೆಗೆ ಹೋಗುವವರು ಪ್ರತಿ ಹಂತದ ಫೋಟೊವನ್ನು ತಾವೂ ತೆಗೆದಿಟ್ಟುಕೊಂಡು, ಮನವಿಯನ್ನು ಲಿಖಿತವಾಗಿ ಕೊಟ್ಟು, ಆವಕದ ಮೊಹರು ಹಾಕಿಸಿಕೊಳ್ಳಬೇಕು. ಆಯ್ಕೆಯಾದವರ ಹೆಸರು, ವಾರ್ಡು, ಬಂದ ಕಂತುಗಳ ಪಟ್ಟಿಯನ್ನು ಪ್ರತಿ ತಿಂಗಳು ಕಚೇರಿಯ ಗೋಡೆಗೆ ಅಂಟಿಸಿರೆಂದು ನಾನು ಪೌರಾಯುಕ್ತರಿಗೆ ಬರೆದುಕೊಟ್ಟಿದ್ದೇನೆ. ಮನವಿಗೆ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಹೂವಿನವರ ಮನೆಯ ಲಿಂಟಲ್ ಹಂತದ ಫೋಟೊ ಇನ್ನೂ ದಾಖಲಾಗಿಲ್ಲ.