ಆರೋಗ್ಯ ಕರ್ನಾಟಕ ಕಾರ್ಡ್: ಆಸ್ಪತ್ರೆ ಬಿಲ್ ನೋಡಿಕೊಳ್ಳುತ್ತದೆ, ಮನೆ ಖರ್ಚು ನಮ್ಮದೇ

ಸರ್ಕಾರದ ಈ ಉಚಿತ ಚಿಕಿತ್ಸೆ ಯೋಜನೆಗೆ ನಾನು ಕೊಡೋದು ಐದಕ್ಕೆ ಮೂರೂವರೆ ಸ್ಟಾರ್. ಬರೀ ಆಸ್ಪತ್ರೆ ಬಿಲ್ ಲೆಕ್ಕಕ್ಕೆ ತಗೊಂಡರೆ ಐದೂ ಕೊಡುತ್ತಿದ್ದೆ. ಅಣ್ಣನ ಮಗಳಿಗೆ ಹೃದಯದಲ್ಲಿ ತೂತಿತ್ತು, ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು, ಈಗ ಆರಾಮಿದ್ದಾಳೆ.

ಬಿಪಿಎಲ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಫ್ರೀ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ 30ರಷ್ಟು ಮಾತ್ರ ಸಿಗುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ನಮ್ಮದು ಬಿಪಿಎಲ್, ಬಚಾವ್.

ಕಾಯಿಲೆ ಗೊತ್ತಾಗಿದ್ದೇ ಅಂಗನವಾಡಿಗೆ ಬಂದಿದ್ದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದಿಂದ. 18 ವರ್ಷದವರೆಗಿನ ಮಕ್ಕಳನ್ನು ಇವರು ಫ್ರೀಯಾಗಿ ನೋಡುತ್ತಾರೆ. ಡಾಕ್ಟರ್ ಎದೆಗೆ ಸ್ಟೆತೊಸ್ಕೋಪ್ ಇಟ್ಟವರು ಬೇಗ ತೆಗೆಯಲೇ ಇಲ್ಲ, ಮತ್ತೆ ಮತ್ತೆ ಕೇಳಿ, "ತಾಯಿನ ಕರೀರಿ" ಅಂದರಂತೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಎಕೋ ಅಂದರೆ ಹೃದಯದ ಸ್ಕ್ಯಾನ್, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿ. ಈ ಚೀಟಿ ಬೇಕೇ ಬೇಕು. ಎಮರ್ಜೆನ್ಸಿ ಅಲ್ಲದಿದ್ದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಇಂಥ ಆಪರೇಷನ್‌ಗೆ ನೇರ ಖಾಸಗಿಗೆ ಹೋದರೆ ಕಾರ್ಡ್ ನಡೆಯಲ್ಲ.

ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳೋಕೆ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಿಲ್ಲಿಂಗ್ ಕೌಂಟರ್ ಬಿಟ್ಟು ಮೊದಲು ಅವರ ಹತ್ತಿರ ಹೋಗಿ. ಅವರು ಮೊದಲು ನೋಡಿದ್ದು ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿದೆಯಾ ಅಂತ. ವೈನಿ (ಅತ್ತಿಗೆ) ಮೊದಲೇ ಸೇರಿಸಿದ್ದರು, ಸಲೀಸಾಯ್ತು. ನಮ್ಮ ಹಿಂದೆ ನಿಂತಿದ್ದ ಸವದತ್ತಿ ಕಡೆಯವರದು ಸೇರಿರಲಿಲ್ಲ, ಪಾಪ, ಮಗುವನ್ನು ಎತ್ತಿಕೊಂಡು ವಾಪಸ್ ಹೋದರು. ನಡುವೆ ಒಂದು ಟೆಸ್ಟಿಗೆ "ಇದು ಸ್ಕೀಮ್‌ನಾಗ ಬರಂಗಿಲ್ಲ" ಅಂತ ಆಸ್ಪತ್ರೆಯವರು ದುಡ್ಡು ಕೇಳಿದರು. "ಹಂಗಂತ ಬರದು ಕೊಡ್ರಿ" ಅಂದೆ. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಒಂದೂವರೆ ಸ್ಟಾರ್ ಕಡಿದದ್ದು ಇದಕ್ಕಲ್ಲ. ಯೋಜನೆಯ ದುಡ್ಡು ಆಸ್ಪತ್ರೆಗೆ ಹೋಗುತ್ತದೆ, ಅಪ್ಪ ಅಮ್ಮನ ಕೈಗೆ ಒಂದು ಪೈಸೆ ಬರಲ್ಲ. ಅಣ್ಣ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಆಪರೇಷನ್ ಬಂದದ್ದು ಸರಿಯಾಗಿ ಸೀಸನ್‌ನಲ್ಲಿ, ವರ್ಷದ ದುಡಿಮೆ ಆಗೋದೇ ಆಗ. ಮಾಲೀಕರು ಬೇರೆ ಡ್ರೈವರ್ ಇಟ್ಟುಕೊಂಡರು, ಅವರದೇನೂ ತಪ್ಪಿಲ್ಲ ಬಿಡಿ, ಫ್ಯಾಕ್ಟರಿ ಕಾಯುತ್ತಾ? ಬಸ್ಸಿನಲ್ಲಿ ವೈನಿಗೆ ಶಕ್ತಿ ಯೋಜನೆಯಿಂದ ಫ್ರೀ, ಅಣ್ಣನಿಗೆ ಟಿಕೆಟ್. ವಾರ್ಡಿನೊಳಗೆ ಒಬ್ಬರಿಗೇ ಜಾಗ, ಇನ್ನೊಬ್ಬರು ವರಾಂಡದಲ್ಲಿ ಚಾದರ ಹಾಸಿ ಮಲಗಬೇಕು, ಊಟ ಖಾನಾವಳಿಯದು. ಅವ್ವನ ಗೃಹಲಕ್ಷ್ಮಿ 2,000 ರೂಪಾಯಿ ಅಲ್ಲೇ ಕರಗಿತು. ಆಮೇಲೆ ಸಂಘದ ಸಾಲ. ಆಪರೇಷನ್ ಫ್ರೀ ಆಯ್ತಲ್ಲ, ಮತ್ತೆ ಸಾಲ ಯಾಕೆ ಅಂತ ಊರಲ್ಲಿ ಈಗಲೂ ಕೇಳುತ್ತಾರೆ.

ಟಿಬಿ ರೋಗಿಗಳಿಗೆ ಚಿಕಿತ್ಸೆ ಮುಗಿಯೋವರೆಗೆ ತಿಂಗಳಿಗೆ 1,000 ರೂಪಾಯಿ ನೇರ ಖಾತೆಗೆ ಬರುತ್ತದೆ. ಅಂದ ಮೇಲೆ ಕೂಲಿ ಬಿಟ್ಟು ಮಗುವಿನ ಪಕ್ಕ ಕೂತವರಿಗೆ ಹಾಕೋಕೆ ಏನು ತೊಂದರೆ, ಅಲ್ವಾ?

ಹೋಗುವವರು ಚೀಟಿ, ಆಧಾರ್, ರೇಷನ್ ಕಾರ್ಡ್ ಝೆರಾಕ್ಸ್ ಊರಲ್ಲೇ ಜಾಸ್ತಿ ಮಾಡಿಸಿಟ್ಟುಕೊಳ್ಳಿ. ಆಸ್ಪತ್ರೆ ಮುಂದಿನ ಅಂಗಡಿಯಲ್ಲಿ ರೇಟ್ ಡಬಲ್.